ಬದನೆಕಾಯಿ ಸಾರಿನ ಆಲೂಗಡ್ಡೆ

ಅತ್ತೆ,

ಇವತ್ತು ಮಧ್ಯಾಹ್ನ ನಿಮ್ಮ ಮೊಮ್ಮಗಳು ನೀವು ಬರೆದಿಟ್ಟ ಅಡುಗೆ ಪುಸ್ತಕ ನೋಡಿಕೊಂಡು ಬದನೆಕಾಯಿ ಸಾರು ಮಾಡಿದಳು. ಒಂದು ಕಾಳು ಮೆಣಸೂ ಹೆಚ್ಚುಕಡಿಮೆ ಆಗಿರಲಿಲ್ಲ. ನಿಮ್ಮ ಮಗ ಎರಡು ತುತ್ತು ಉಂಡು ನಿಲ್ಲಿಸಿದರು.

"ಚೆನ್ನಾಗೇನೋ ಇದೆ ಪುಟ್ಟಿ. ಆದ್ರೆ ಇದು ಅಜ್ಜಿ ಸಾರಲ್ಲ. ಅಜ್ಜಿ ಆಲೂಗಡ್ಡೆ ಹಾಕ್ತಿದ್ರು."

"ಪುಸ್ತಕದಲ್ಲಿ ಇಲ್ವಲ್ಲಪ್ಪಾ? ಹೌದಾ ಅಮ್ಮಾ?"

"ಹೌದು" ಎಂದುಬಿಟ್ಟೆ.

ಕೊನೆಯ ಮೂರು ವರ್ಷ ನೀವು ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕುತ್ತಿದ್ದಿರಿ. ನೀವು ಅಡುಗೆಮನೆಯಿಂದ ಆಚೆ ಹೋದದ್ದೇ ತಡ, ನಾನು ಆಲೂಗಡ್ಡೆ ಹೆಚ್ಚಿ ಹಾಕಿ, ನೀರು ಸುರಿದು, ಇನ್ನೊಂದು ಕುದಿ ಕುದಿಸುತ್ತಿದ್ದೆ. ನಿಮಗೆ ನೋವಾಗಬಾರದೆಂದೇ ಮಾಡಿದೆ ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ "ನಿಮ್ಮ ಕೈರುಚಿ ಯಾರಿಗೂ ಬರಲ್ಲ ಅತ್ತೆ" ಎಂದು ಎಲ್ಲರೆದುರು ಹೊಗಳುತ್ತಲೂ ಇದ್ದೆ.

ಇವತ್ತು ಮಗಳು ಪೆನ್ನು ತಂದು, ನಿಮ್ಮ ಅಕ್ಷರದ ಕೆಳಗೇ "ಆಲೂಗಡ್ಡೆ, ಎರಡು" ಎಂದು ಬರೆದಳು. ನಾನು ಅನ್ನ ಬಡಿಸಿದೆ.

ಆ ಮೂರು ವರ್ಷವೂ ನೀವು ಆಲೂಗಡ್ಡೆ ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಉಣ್ಣುತ್ತಿದ್ದಿರಿ. ಯಾರು ಹಾಕಿದ್ದೆಂದು ಒಂದು ದಿನವೂ ಕೇಳಲಿಲ್ಲ.