ಎಡೆಗೆ ಕೇಳಿದ ಬಾಟಲಿ

ಪೋಲೆಂಡ್
೩೧ ಆಗಸ್ಟ್ ೨೦೨೫, ಭಾನುವಾರ

ತಂಗಿ ಭಾನುಪ್ರಿಯಳಿಗೆ ಬಾಲರಾಜು ಮಾಡುವ ನಮಸ್ಕಾರ.

ನಿನಗಿಂತ ದೊಡ್ಡವನು, ಆಶೀರ್ವಾದ ಎಂದು ಬರೆಯಬೇಕಿತ್ತು. ಹಾಗೆ ಬರೆದು ಎರಡು ಹಾಳೆ ಹರಿದು ಹಾಕಿದೆ. ಯಾಕೆಂದು ಓದುತ್ತಾ ನಿನಗೇ ತಿಳಿಯುತ್ತದೆ.

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಕಾರ್ಖಾನೆಯ ಬಸ್ಸಿನಲ್ಲಿ ಕೇಳಿದೆ. ಮನೋಹರ ಹೋಗಿ ಆರು ತಿಂಗಳಾಯಿತು, ಈ ಪಿತೃಪಕ್ಷದಲ್ಲಿ ಅವನ ಹೆಸರಿಗೆ ಮೊದಲ ಎಡೆ ಇಡುತ್ತಿದ್ದೀರಿ. ನಿಮ್ಮತ್ತೆ ಸರಸಮ್ಮನವರು ಮಗನಿಗೆ ಇಷ್ಟವೆಂದು ಮುದ್ದೆ, ಬೋಟಿ ಗೊಜ್ಜು ಮಾಡುತ್ತಾರಂತೆ. "ಬಾಲಣ್ಣ, ಅವ್ರು ಅಲ್ಲಿ ಕೋಳಿ ರೆಕ್ಕೆ ಮಾಡ್ಕಂಡು ತಿಂತಿದ್ರಲ್ಲ, ಅದನ್ನ ಮಾಡೋದು ಹೆಂಗೆ ಅಂತ ಬರ್ದು ಕಳ್ಸಣ್ಣ. ಅದ್ಕೆ ಹಾಕೋ ಖಾರದ ಬಾಟ್ಲೂ ಒಂದು ಕಳ್ಸು. ಕೊನೇಲಿ ಅದ್ನೇ ತಾನೆ ತಿಂದಿದ್ದು?" ಎಂದು ಕೇಳಿದ್ದೀಯ. ಹೌದು ತಂಗಿ, ಅದನ್ನೇ ತಿಂದಿದ್ದು.

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ನನ್ನ ಫೋನ್ ಬಂದರೆ ನೀವು ಸ್ಪೀಕರ್ ಹಾಕಿ ಎಲ್ಲರೂ ಸುತ್ತ ಕೂರುತ್ತೀರಿ. "ನನ್ ಮಗನ್ ಪ್ರಾಣ ಹೋಗೋವಾಗ ಪಕ್ಕದಲ್ಲಿದ್ದೋನು ನೀನು ಕಣಪ್ಪಾ" ಎಂದು ಸರಸಮ್ಮನವರು ಅಳುತ್ತಾರೆ. ನೀನು ಬೇರೆ ಮಾತಿಗೆ ಅಳುತ್ತೀಯ: ಅವತ್ತು ಡೈರಿಗೆ ಹಾಲು ಹಾಕಲು ಹೋಗಿದ್ದೆ, ಫೋನ್ ಮನೆಯಲ್ಲಿ ಬಿಟ್ಟಿದ್ದೆ, ಅವರ ಕರೆ ತಪ್ಪಿತು, ವಾಪಸ್ ಮಾಡಿದರೆ ಎರಡು ಸಲವೂ ಎತ್ತಲಿಲ್ಲ, ಬೆಳಗ್ಗೆ ನಾನು ಜಗಳವಾಡಿದ್ದಕ್ಕೆ ಸಿಟ್ಟಿನಲ್ಲೇ ಹೋದರು ಎನ್ನುತ್ತೀಯ. ನಾನು ಎಲ್ಲಕ್ಕೂ ಹೂಂ ಎಂದು ಫೋನ್ ಇಡುತ್ತೇನೆ. ಅದಕ್ಕೇ ಈ ಕಾಗದ. ನಮ್ಮ ರೂಮಿನ ಶೋಯೆಬ್, ಚನ್ನಪಟ್ಟಣದವನು, ಗುರುವಾರ ರಜೆಗೆ ಹೊರಟಿದ್ದಾನೆ, ಅವನೇ ತಂದು ಕೊಡುತ್ತಾನೆ. ಒಬ್ಬಳೇ ಇದ್ದಾಗ ಓದು.

ಮೊದಲು ಮಾಡುವ ಬಗೆ ಬರೆಯುತ್ತೇನೆ, ಅದು ಸುಲಭ. ಒಂದು ಕೆ.ಜಿ. ರೆಕ್ಕೆ ತಗೊ. ರಾಮನಗರದ ಅಂಗಡಿಯಲ್ಲಿ ಚರ್ಮ ಸುಲಿಯಬೇಡಿ ಎಂದು ಮೊದಲೇ ಹೇಳು, ಚರ್ಮವಿಲ್ಲದಿದ್ದರೆ ಗರಿಗರಿ ಬರುವುದಿಲ್ಲ. ತುದಿ ತೆಗೆದು, ಕೀಲಿನ ಹತ್ತಿರ ಎರಡು ತುಂಡು ಮಾಡು. ಬಟ್ಟೆಯಲ್ಲಿ ಒರೆಸು, ನೀರಿನ ಪಸೆ ಇರಬಾರದು. ಉಪ್ಪು, ಶುಂಠಿ ಬೆಳ್ಳುಳ್ಳಿ, ಅರಿಸಿನ, ಎರಡು ಚಮಚ ಅಕ್ಕಿ ಹಿಟ್ಟು ಕಲಸಿ ಒಂದು ಗಂಟೆ ಬಿಡು. ಇಲ್ಲಿ ನಾವು ಓವನ್ನಿನಲ್ಲಿ ಸುಡುತ್ತಿದ್ದೆವು, ನೀನು ಎಣ್ಣೆಯಲ್ಲಿ ಕರಿ. ಆಮೇಲೆ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಸಾಸ್ ಸುರಿದು, ರೆಕ್ಕೆ ಹಾಕಿ ಚೆನ್ನಾಗಿ ಹೊರಳಿಸುವುದು. ಇಷ್ಟೇ.

ನಮ್ಮ ಕಡೆ ಕೋಳಿ ಕುಯ್ದರೆ ರೆಕ್ಕೆ ಮಕ್ಕಳ ಪಾಲು. ಇಲ್ಲಿ ಅದಕ್ಕೇ ದೊಡ್ಡ ಮರ್ಯಾದೆ. ಕಾರ್ಖಾನೆಯವರು ನಮಗೆ ಅಗ್ಗಕ್ಕೆ ಕೊಡುತ್ತಾರೆ, ದಿನವಿಡೀ ನಾವು ಕತ್ತರಿಸುವುದೂ ಅದನ್ನೇ. ತಲೆಕೆಳಗಾಗಿ ನೇತಾಡುತ್ತಾ ಬರುವ ಕೋಳಿಗಳ ಎಡ ರೆಕ್ಕೆ ಅವನು, ಬಲ ರೆಕ್ಕೆ ನಾನು. ಕೆಲಸ ಮುಗಿಯುವಷ್ಟರಲ್ಲಿ ಇಬ್ಬರಿಗೂ ತೋಳು ಎತ್ತಲಾಗುತ್ತಿರಲಿಲ್ಲ. ಈ ತೋಳಿನ ನೋವು ನೆನಪಿಟ್ಟುಕೊ, ಮುಂದೆ ಬರುತ್ತದೆ.

ಸಾಸ್ ಆರಿಸುವುದು ದೊಡ್ಡ ಪಂಚಾಯ್ತಿ. ಅಂಗಡಿಯಲ್ಲಿ ಅದಕ್ಕೇ ಒಂದು ಸಾಲು ಇದೆ. ಬಾಟಲಿಯ ಮೇಲೆ ಮೆಣಸಿನಕಾಯಿ ಚಿತ್ರ, ಒಂದರಿಂದ ಐದರವರೆಗೆ. ಒಂದು ಬರೀ ವಿನೆಗರು, ಒಂದು ಜಾಮಿನ ಹಾಗೆ ಸಿಹಿ, ಇನ್ನೊಂದಕ್ಕೆ ಹೊಗೆ ವಾಸನೆ. ಮನೋಹರ ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ ಒಂದೊಂದರಲ್ಲೂ ಹುಳುಕು ಹುಡುಕುತ್ತಿದ್ದ. "ಇದು ಖಾರ ಅಲ್ಲ ಕಣ್ಲಾ, ಹುಳಿ. ಭಾನು ಕೈ ಖಾರ ತಿಂದೋನ್ಗೆ ಇದ್ಯಾವ ಲೆಕ್ಕ?" ಎನ್ನುತ್ತಿದ್ದ. ಕೊನೆಗೆ ಯಾವುದೋ ಒಂದನ್ನು ತಂದು, ನೀನು ಡಬ್ಬಿಯಲ್ಲಿ ತುಂಬಿ ಕಳಿಸಿದ್ದ ಖಾರದ ಪುಡಿಯನ್ನು ಅದಕ್ಕೆ ಬೆರೆಸಿ ತಿನ್ನುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಆ ಪುಡಿ.

ಇಲ್ಲಿಗೆ ಕಾಗದ ಮುಗಿಸಿ, ಒಂದು ಬಾಟಲಿ ಸುತ್ತಿ ಕಳಿಸಿಬಿಡೋಣ ಎಂದಿದ್ದೆ. ನಿನ್ನೆ ಅಂಗಡಿಗೂ ಹೋದೆ. ಅವನು ಕೊನೆಯ ದಿನ ತಿಂದ ಕಪ್ಪು ಮುಚ್ಚಳದ ಬಾಟಲಿ ಅದೇ ಜಾಗದಲ್ಲಿತ್ತು. ಕೈ ಹೋಗಲಿಲ್ಲ. ಶೋಯೆಬ್ ಮೊದಲೇ ಹೇಳಿದ್ದ: "ನೀನು ಬರೆದ್ರೆ ಕಾಗದ ಕೊಡ್ತೀನಿ, ಬರೀದಿದ್ರೆ ಬಾಯಲ್ಲೇ ಹೇಳ್ತೀನಿ. ಆ ಬಾಟ್ಲಿ ಮಾತ್ರ ನನ್ ಬ್ಯಾಗಿಗೆ ಹಾಕ್ಬೇಡ." ಹಾಗಾಗಿ ನಾನೇನೋ ಧೈರ್ಯವಂತ, ನಾನಾಗಿಯೇ ಬರೆದೆ ಎಂದುಕೊಳ್ಳಬೇಡ.

ಫೆಬ್ರವರಿಯಲ್ಲಿ ನಿನ್ನ ಡಬ್ಬಿ ಖಾಲಿಯಾಯಿತು. ಆ ವಾರವೆಲ್ಲ ಮನೋಹರ ಎದೆ ಉರಿ, ಗ್ಯಾಸ್ ಇರಬೇಕು ಎನ್ನುತ್ತಾ ಸೋಡಾ ಕುಡಿಯುತ್ತಿದ್ದ. ಶನಿವಾರ ನಾನೇ ಹೋಗಿ ಆ ಕಪ್ಪು ಮುಚ್ಚಳದ್ದನ್ನು ಆರಿಸಿ ತಂದೆ. ಒಂದು ಹನಿಗಿಂತ ಹೆಚ್ಚು ಬೇಡ ಎಂದು ಅದರ ಮೇಲೇ ಬರೆದಿದೆ. ಭಾನುವಾರ ಮಧ್ಯಾಹ್ನ ರೂಮಿನಲ್ಲಿ ರೆಕ್ಕೆ ಮಾಡಿದೆವು. "ಇವತ್ತು ನಂಗ್ ಬ್ಯಾಡ ಕಣ್ಲಾ, ಯಾಕೋ ಸರಿ ಇಲ್ಲ" ಎಂದ. ನಾನು ಬಿಡಲಿಲ್ಲ. ಏಳೆಂಟು ಜನ ಸೇರಿದ್ದರು, ನನಗೆ ಹುರುಪು. "ಕೈಲಾಂಚದ ಗಂಡು ಅಂತ ಮೀಸೆ ತಿರುವ್ತೀಯಲ್ಲ, ಒಂದು ಬಾಟ್ಲಿಗೆ ಹೆದ್ರುಕೊಂಡ್ಯಾ?" ಎಂದು ಹಂಗಿಸಿದೆ. ಮೂರು ರೆಕ್ಕೆಯ ಮೇಲೆ ನಾನೇ ಸುರಿದು ಕೊಟ್ಟೆ. ಮೂರನ್ನೂ ತಿಂದ.

ಬೆವರು ಕಿತ್ತುಕೊಂಡು ಬಂತು, ಖಾರ ಹತ್ತಿತು ಎಂದು ನಕ್ಕೆವು. ಎದೆ ಉರೀತೈತೆ ಎಂದ, ಮೊಸರಿಗೆ ಸಕ್ಕರೆ ಹಾಕಿ ಕೊಟ್ಟೆ. ಎಡಗೈ ಸೆಳೀತೈತೆ ಎಂದ. ರೆಕ್ಕೆ ಕತ್ತರಿಸುವವರಿಗೆ ಕೈ ಸೆಳೆತ ದಿನನಿತ್ಯದ್ದು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಮುಖ ಬಿಳಿಚಿಕೊಂಡಾಗ ಶೋಯೆಬ್ ಆಂಬುಲೆನ್ಸ್ ಕರೆಯುತ್ತೇನೆ ಎಂದು ಫೋನ್ ತೆಗೆದ. ನಾನು ತಡೆದೆ. ಖಾರ ತಿಂದವನಿಗೆ ಆಂಬುಲೆನ್ಸ್ ಕರೆದರೆ ಕಾರ್ಖಾನೆಯೆಲ್ಲ ನಗುತ್ತದೆ, ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂದೆ. ಒಸಿ ಹೊತ್ತು ಮಲಗು, ಇಳಿಯುತ್ತದೆ ಎಂದು ಹೊದಿಸಿದೆ. ನಾಲ್ಕು ಗಂಟೆಗೆ ಟೀ ಕುಡಿಯಲು ಎಬ್ಬಿಸಲು ಹೋದೆ. ಏಳಲಿಲ್ಲ.

ಉಂಡು ಮಲಗಿದ, ನಿದ್ದೆಯಲ್ಲೇ ಹೋದ ಎಂದು ನಿಮಗೆ ಹೇಳಿದೆ. ಉಂಡದ್ದು ನಿಜ, ಮಲಗಿದ್ದೂ ನಿಜ. ನಡುವಿನದನ್ನು ನುಂಗಿಕೊಂಡೆ. ಸಾಸಿನಿಂದಲ್ಲ, ಹೃದಯದ ರಕ್ತನಾಳ ಮೊದಲೇ ಕಟ್ಟಿಕೊಂಡಿತ್ತು ಎಂದರು ಡಾಕ್ಟರು. ಬೆವರಲು ಶುರುವಾಗಿ ಎಷ್ಟು ಹೊತ್ತಾಗಿತ್ತು ಎಂದು ಕೇಳಿದರು. ಎರಡು ಗಂಟೆಯ ಮೇಲೆ ಎಂದೆ. ಆಗಲೇ ತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದರು. ಆಸ್ಪತ್ರೆ ನಮ್ಮ ರೂಮಿನಿಂದ ಹತ್ತು ನಿಮಿಷದ ದಾರಿ. ದಿನಾ ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತೇನೆ. ಪೆಟ್ಟಿಗೆಯ ಜೊತೆ ನಾನು ಊರಿಗೆ ಬರಲಿಲ್ಲವಲ್ಲ, ರಜೆ ಸಿಗಲಿಲ್ಲ ಎಂದಿದ್ದೆ. ಅದೂ ಸುಳ್ಳು. ರಜೆ ಕೊಟ್ಟಿದ್ದರು. ನಿನ್ನ ಮುಖ ನೋಡಲು ಹೆದರಿ ಉಳಿದುಕೊಂಡೆ.

ಬಾಟಲಿ ಕಳಿಸುತ್ತಿಲ್ಲ. ಅದನ್ನು ಅವನ ಎಡೆಯಲ್ಲಿ ಇಡಬೇಡ ತಂಗಿ. ಬೇಡವೆಂದವನಿಗೆ ಒಂದು ಸಲ ತಿನ್ನಿಸಿದ್ದು ಸಾಕು. ರೆಕ್ಕೆ ಮಾಡಲೇಬೇಕೆಂದರೆ ನೀನು ಕುಟ್ಟಿಸಿದ ಖಾರದ ಪುಡಿಯಲ್ಲೇ ಮಾಡು, ಅದನ್ನು ಅವನು ಬೇಡ ಎಂದದ್ದು ನಾನು ಕಂಡಿಲ್ಲ. ಸರಸಮ್ಮನವರಿಗೆ ಇದನ್ನು ಓದಿ ಹೇಳುವುದು ಬಿಡುವುದು ನಿನಗೆ ಸೇರಿದ್ದು. ನೀನು ಇನ್ನು ನನ್ನನ್ನು ಬಾಲಣ್ಣ ಎಂದು ಕರೆಯುವುದಿಲ್ಲವಲ್ಲ ಎಂಬ ಭಯಕ್ಕೇ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ನಿಮ್ಮ ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಬಂದು, ನೀವು ಏನಂದರೂ ಅನ್ನಿಸಿಕೊಂಡು ಹೋಗುತ್ತೇನೆ.

ಅಣ್ಣ ಎಂದು ಸಹಿ ಹಾಕಲು ಮುಖವಿಲ್ಲದ,
ಬಾಲರಾಜು

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಆಗದೆ ಇಲ್ಲಿಗೆ ಉಳಿದದ್ದು: ಅವನಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಬೆವರುತ್ತಾ ಕೂತಿದ್ದಾಗಲೇ ನಿನಗೆ ಫೋನ್ ಮಾಡಿದ. ನೀನು ಡೈರಿಯಿಂದ ಬಂದು ವಾಪಸ್ ಮಾಡಿದಾಗ ಅವನ ಫೋನ್ ನನ್ನ ಕೈಯಲ್ಲಿತ್ತು. "ಇತ್ಲಾಗ್ ಕೊಡೋ, ಭಾನು ಕಣ್ಲಾ" ಎಂದು ಕೈ ಚಾಚಿದ. ಖಾರ ತಿಂದು ಅಳುವುದನ್ನು ಹೆಂಡತಿಗೆ ತೋರಿಸುತ್ತೀಯಾ ಎಂದು ನಗುತ್ತಾ ಕತ್ತರಿಸಿದೆ. ಎರಡು ಸಲವೂ ಕತ್ತರಿಸಿದ್ದು ನಾನೇ.