ತಾತನ ಹಗುರ ಬ್ರೇಕು

ಬಿಗ್‌ಹಾರ್ನ್ ಬೆಟ್ಟದ ಮೇಲಿಂದ, ವಯೋಮಿಂಗ್
ಸೆಪ್ಟೆಂಬರ್ ೨೬, ಬುಧವಾರ

ನನ್ನ ಅಮ್ಮಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಶಾಲೆಯ ಅಡುಗೆಮನೆಯ ಹಬೆಯಲ್ಲಿ ಬೆಳಿಗ್ಗೆಯೆಲ್ಲ ನಿಂತು, ಹಾಗೇ ಹೊರಗಿನ ಗಾಳಿಗೆ ಬರಬೇಡ ಎಂದು ಅಜ್ಜಿ ಹೇಳಿದ್ದಾಳೆ. ಅವಳು ಹೆಣೆದುಕೊಟ್ಟ ನೀಲಿ ಮಫ್ಲರು ಸುತ್ತಿಕೊಳ್ಳಬೇಕಂತೆ. ಅದನ್ನು ನೀನು ನಾಯಿಗೆ ಹಾಸಿದ್ದೀಯ ಎಂದು ನಾನೇನೂ ಬಾಯಿಬಿಟ್ಟಿಲ್ಲ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಈ ಕಾಗದ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬಂದಿದ್ದ ಅಣ್ಣತಮ್ಮಂದಿರಿಬ್ಬರು ಸಂಜೆ ಕೆಳಗಿನ ಊರಿಗೆ ಇಳಿಯುತ್ತಾರೆ, ಅವರು ಅಂಚೆಗೆ ಹಾಕುತ್ತೇವೆಂದು ಒಪ್ಪಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಕನ್ನಡಕ ಹುಡುಕುತ್ತ ಪಿಕಪ್ಪಿನೊಳಗೆ ಹತ್ತಿದ್ದೆ. ಬೇಸಿಗೆಯೆಲ್ಲ ಓಡಾಡಿದ ಕೆಂಧೂಳು ಒಳಗೆಲ್ಲ ಕೂತಿದೆ, ರೇಡಿಯೋದ ಗುಂಡಿಗಳ ಮೇಲೂ. ಸ್ಟಿಯರಿಂಗಿನ ಬಲಕ್ಕೆ ಕೆಳಗೆ ಒಂದು ಪುಟ್ಟ ಕಪ್ಪು ಡಬ್ಬಿ ಇದೆ, ನೆನಪಿದೆಯೇ? ಹಿಂದೆ ಎಳೆದೊಯ್ಯುವ ಮನೆಯ, ಅಂದರೆ ಟ್ರೇಲರಿನ, ಬ್ರೇಕಿಗೆ ಎಷ್ಟು ಬಲ ಹೋಗಬೇಕೆಂದು ಗೊತ್ತುಮಾಡುವ ಡಬ್ಬಿ. ಅದರ ಮೇಲೂ ಧೂಳು. ಆದರೆ ಬಲವನ್ನು ಏರಿಸಿ ಇಳಿಸುವ ಹಲ್ಲಿನ ಚಕ್ರ ಮಾತ್ರ, ಒಂದು ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ, ಒರೆಸಿಟ್ಟಂತೆ ಮಿರುಗುತ್ತಿತ್ತು. ಅದು ಪೂರ್ತಿ ಕೆಳಗೆ, ಸೊನ್ನೆಗೆ ತಿರುಗಿತ್ತು.

ಸೋಮವಾರದಿಂದ ಹೇಳಿದರೆ ನಿನಗೆ ಅರ್ಥವಾದೀತು. ಅಂದು ಬೆಟ್ಟ ಇಳಿದು ಅರಿಜೋನಾದ ಬಿಸಿಲಿನ ಕಡೆ ಹೊರಡುವುದೆಂದು ಗೊತ್ತಾಗಿತ್ತು. ಅಜ್ಜಿ ಪಿಂಗಾಣಿ ಬಟ್ಟಲುಗಳನ್ನು ಟವೆಲ್ಲುಗಳಲ್ಲಿ ಸುತ್ತಿಟ್ಟಳು. ತಾತ ಟ್ರೇಲರನ್ನು ಪಿಕಪ್ಪಿನ ಹಿಂದಿರುವ ಕಬ್ಬಿಣದ ಗುಂಡಿಗೆ ಸಿಕ್ಕಿಸಿದ. ಆಮೇಲೆ ಅವರಿಬ್ಬರ ಕೂಗು ನಡೆಯಿತು. ಗೋಧಿ ಕೊಯ್ಲಿನ ಯಂತ್ರಗಳನ್ನು ಎಳೆದುಕೊಂಡು ಟೆಕ್ಸಸ್ಸಿನಿಂದ ಕೆನಡಾದ ಗಡಿಯವರೆಗೆ ಹೋಗುತ್ತಿದ್ದ ಕಾಲದಿಂದಲೂ ಅದು ತಪ್ಪಿಲ್ಲ ಎಂದು ನೀನೇ ಹೇಳುತ್ತಿದ್ದೆ. ಅಜ್ಜಿ ಹಿಂದೆ ನಿಂತು ಕೇಳುತ್ತಾಳೆ, ತಾತ ಮುಂದಿನಿಂದ ಉತ್ತರ ಕೊಡುತ್ತಾನೆ. “ಗುಂಡು ಕೂತಿತಾ?” “ಕೂತಿದೆ.” “ಸರಪಳಿ?” “ಅಡ್ಡಡ್ಡ ಹಾಕಿದೀನಿ.” “ದೀಪ?” “ನೀನೇ ನೋಡು, ಉರೀತಿಲ್ವಾ?” “ಬ್ರೇಕು?” “ಇದೆ.” ಕೂಗಿನಲ್ಲಿ ಬಂದ ಉತ್ತರವನ್ನು ಯಾರೂ ಮತ್ತೆ ಹೋಗಿ ನೋಡುವ ಹಾಗಿಲ್ಲ. ನೋಡಿದರೆ ಅನುಮಾನಪಟ್ಟಂತೆ. ಕೊಯ್ಲಿನ ತಂಡದಲ್ಲಿ ಒಬ್ಬ ಕೂಗಿನಲ್ಲಿ ಸುಳ್ಳು ಹೇಳಿದನೆಂದು ತಾತ ಅವನನ್ನು ದಾರಿಯಲ್ಲೇ ಇಳಿಸಿ ಬಂದಿದ್ದನಂತೆ. ಆ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಅಜ್ಜಿ ಹೇಳುತ್ತಾಳೆ, ಹೆಮ್ಮೆಯಿಂದ.

ಪಶ್ಚಿಮದ ಇಳಿಜಾರು ಶುರುವಾಗುವಲ್ಲಿ ಚಿಕ್ಕ ಗೇರಿಗೆ ಬರಬೇಕೆಂಬ ಹಳದಿ ಫಲಕವಿದೆ. ತಾತ ಅದಕ್ಕಿಂತ ಮೊದಲೇ ಗೇರು ಇಳಿಸಿದ್ದ. ಹಾಗಿದ್ದೂ ಕೆಲವು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಹಿಂದಿನ ಸೀಟಿನಲ್ಲಿದ್ದ ನನಗೆ ಟ್ರೇಲರು ನಮ್ಮನ್ನು ನೂಕುತ್ತಿರುವುದು ಬೆನ್ನಿಗೇ ತಿಳಿಯುತ್ತಿತ್ತು, ಸಾಲಿನಲ್ಲಿ ಹಿಂದೆ ನಿಂತವರು ಮೈಮೇಲೆ ಬಿದ್ದ ಹಾಗೆ. ಒಮ್ಮೆ ಅದರ ಬಾಲ ಕಣಿವೆಯ ಕಡೆಗೆ ತೂಗಿತು. ತಾತ ಗಾಬರಿಯಾಗಿ ತಿರುಗಿಸಲಿಲ್ಲ, ಬ್ರೇಕನ್ನೂ ತುಳಿಯಲಿಲ್ಲ. ಸ್ಟಿಯರಿಂಗನ್ನು ನೇರ ಹಿಡಿದ. ತೂಗಾಟ ನಿಂತ ಮೇಲೆ ರಸ್ತೆ ಅಗಲವಾದ ಒಂದು ಕಡೆ ಗಾಡಿ ನಿಲ್ಲಿಸಿದ. ಪಿಕಪ್ಪಿನ ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು.

“ಹೊಸ ಬ್ರೇಕು, ಮೊದಮೊದ್ಲು ಹೀಗೇ ವಾಸ್ನೆ ಬರತ್ತೆ,” ಎಂದ ತಾತ. “ಹೊಸದೆಲ್ಲಿಂದ ಬಂತು? ಈಸ್ಟರಿಗೆ ಹಾಕ್ಸಿದ್ದಲ್ವಾ?” ಎಂದಳು ಅಜ್ಜಿ. “ನಮ್ಮ ವಯಸ್ಸಿಗೆ ಈಸ್ಟರ್ ಅಂದ್ರೆ ಮೊನ್ನೆ ಮೊನ್ನೆ ಕಣೇ ಓಪಲ್.” ಅಜ್ಜಿ ನಕ್ಕಳು. ನಾನು ಕಾಲು ಆಡಿಸುವ ನೆಪದಲ್ಲಿ ಇಳಿದು ಸುತ್ತ ಹೋದೆ. ಪಿಕಪ್ಪಿನ ಚಕ್ರದ ಹತ್ತಿರ ಕೈ ಒಯ್ಯಲು ಆಗುತ್ತಿರಲಿಲ್ಲ. ಟ್ರೇಲರಿನ ಚಕ್ರಗಳ ಮೇಲೆ ಅಂಗೈ ಇಟ್ಟೆ. ನೆರಳಲ್ಲಿ ಬಿದ್ದ ಕಲ್ಲಿನಂತೆ ತಣ್ಣಗಿದ್ದವು. ಎಲ್ಲ ಭಾರವನ್ನೂ ಪಿಕಪ್ಪೊಂದೇ ತಡೆದಿತ್ತು. ಗಾಡಿ ತಣಿದ ಮೇಲೆ, ಹಿಂದೆ ಮುಂದೆ ಮಾಡಿ ತಿರುಗಿಸಿ, ಮತ್ತೆ ಮೇಲೆ ಬಂದು ಬಿಟ್ಟಿದ್ದ ಜಾಗದಲ್ಲೇ ನಿಂತೆವು. ಅಂದು ರಾತ್ರಿಯ ಊಟಕ್ಕೆ ಅಜ್ಜಿ ತಾತನ ಬಟ್ಟಲಿಗೆ ಬ್ರೆಡ್ಡು ಮುರಿದುಹಾಕಿದಳು.

ಹಾಗಾಗಿ ಇವತ್ತು ಡಬ್ಬಿಯ ಆ ಚಕ್ರ ಸೊನ್ನೆಯಲ್ಲಿರುವುದನ್ನು ಕಂಡಾಗ ನನಗೆ ಏನೂ ಊಹಿಸಬೇಕಾಗಲಿಲ್ಲ. ತಾತ ಹಿಂದುಗಡೆ ಸೌದೆ ಒಡೆಯುತ್ತಿದ್ದ. ನನ್ನ ಸ್ವಭಾವ ನಿನಗೆ ಗೊತ್ತು, ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಕೇಳದೆ ಬರುವವಳು ನಾನು. ಆದರೂ ಹೋಗಿ ನಿಂತೆ. “ತಾತ, ಆ ಡಬ್ಬಿ ಯಾಕೆ ಸೊನ್ನೇಲಿದೆ?” ಅವನು ಕೊಡಲಿ ಕೆಳಗಿಟ್ಟು ಟ್ರೇಲರಿನ ಕಿಟಕಿಯ ಕಡೆ ನೋಡಿದ. “ಮೆಲ್ಲಗೆ ಮಾತಾಡೇ ಲೆಟಿ. ನಿಮ್ಮಜ್ಜಿ ಕುತ್ತಿಗೆ ವಿಷಯ ಗೊತ್ತಲ್ಲ ನಿಂಗೆ?” ಎಂದ.

ಗೊತ್ತಿದೆ. ಮಾರ್ಚಿನ ಆಪರೇಷನ್ನಿನಲ್ಲಿ ಅವಳ ಕತ್ತಿನ ಮೂಳೆಗೆ ಹಾಕಿದ ತಗಡು, ಜರ್ಕು ಆಗಕೂಡದು ಎಂದು ಡಾಕ್ಟರು ಮೂರು ಸಲ ಹೇಳಿದ್ದು, ಎಲ್ಲವೂ. ನನಗೆ ಗೊತ್ತಿಲ್ಲದೆ ಇದ್ದದ್ದು ಇಷ್ಟು. ಜುಲೈಯಿಂದ ಟ್ರೇಲರಿನ ಬ್ರೇಕು ಕೆಟ್ಟಿದೆ. ಹಿಡಿಯುವುದಿಲ್ಲ ಎಂದಲ್ಲ, ಹಿಡಿದರೆ ಒಮ್ಮೆಗೇ ಕಚ್ಚಿಬಿಡುತ್ತದೆ. ಕಚ್ಚಿದಾಗಲೆಲ್ಲ ಪಿಕಪ್ಪು ಹಿಂದಕ್ಕೆ ಎಳೆದಂತಾಗಿ ಅಜ್ಜಿಯ ತಲೆ ಅಲುಗುತ್ತಿತ್ತು. ಅವಳು ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳಂತೆ. ನೆಬ್ರಾಸ್ಕಾದ ಮೆಕ್ಯಾನಿಕ್ಕು ಬಿಡಿಭಾಗಕ್ಕೆ ಕಾಯಬೇಕು ಎಂದ. ತಾತ ಕಾಯಲಿಲ್ಲ. ಹೆಬ್ಬೆರಳಿನಿಂದ ದಿನಕ್ಕೊಂದಿಷ್ಟು ಇಳಿಸುತ್ತ ಬಂದ. ಬಯಲುಸೀಮೆಯಲ್ಲಿ ಅದು ನಡೆಯಿತು. “ಬೆಟ್ಟ ಹತ್ತೋವಾಗ ಬ್ರೇಕಿನ ಯೋಚ್ನೆ ಯಾರಿಗೆ ಬರತ್ತೆ?” ಎಂದು ನನ್ನನ್ನೇ ಕೇಳಿದ. “ಇಳಿಯೋವಾಗ ಏರಿಸ್ಕೋಬಹುದಲ್ಲ?” ಎಂದೆ. “ಅವಳು ಪಕ್ಕದಲ್ಲಿ ಕೂತಿರೋವಾಗಾ? ಅಷ್ಟು ಉದ್ದ ಇಳಿಜಾರಿನಲ್ಲಾ? ನನ್ನ ಕೈಯಲ್ಲಾಗಲ್ಲ.” ಕೊಡಲಿ ಮತ್ತೆ ಎತ್ತಿಕೊಂಡ. “ನಿಮ್ಮಜ್ಜಿಗೆ ಹೇಳ್ಬೇಡ. ನಾನು ಕೂಗಿನಲ್ಲಿ ‘ಇದೆ’ ಅಂದಿದೀನಿ.”

ಒಳಗೆ ಬಂದರೆ ಅಜ್ಜಿ ಸ್ಟವಿನ ಮೇಲೆ ಮಾಂಸದ ಗ್ರೇವಿ ಕದಡುತ್ತ ಇನ್ನೊಂದು ರಾಗ ತೆಗೆದಳು. “ನಿಮ್ಮ ತಾತನ್ನ ನೋಡು. ವಯಸ್ಸಾದ್ಮೇಲೆ ಜನ ಗಾಡೀನ ಎತ್ತೆತ್ತಿ ಹಾಕ್ತಾರೆ. ಇವನ ಕಾಲು ಹೂವಿನಂಗೆ ಆಗಿದೆ. ಈಗ ಬ್ರೇಕ್ ಹಾಕಿದ್ದೇ ಗೊತ್ತಾಗಲ್ಲ. ನನ್ನ ಕುತ್ತಿಗೆಗೋಸ್ಕರ ಹೊಸದಾಗಿ ಕಲ್ತಿದಾನೆ, ಹೇಳ್ಕೊಳ್ಳಲ್ಲ ಅಷ್ಟೆ.” ನಾನು ಬಿಸ್ಕತ್ತಿನ ತಟ್ಟೆಯನ್ನು ಮೇಜಿನ ಮೇಲಿಟ್ಟೆ. “ಏನೇ, ಕಾಲೇಜಲ್ಲಿ ಅಷ್ಟೊಂದು ಪದ್ಯ ಓದಿದೋಳು, ನಿಂಗಾದ್ರೂ ಇದು ಗೊತ್ತಾಗ್ಬೇಕಿತ್ತಪ್ಪ,” ಎಂದು ನನ್ನ ಕೆನ್ನೆಗೆ ಹಿಟ್ಟು ಬಳಿದಳು.

ಈ ಟ್ರೇಲರು ಹೊರಗಿನಿಂದ ಎಷ್ಟು ಉದ್ದ ಕಾಣುತ್ತದೆ, ಒಳಗೆ ಎಷ್ಟು ಇಕ್ಕಟ್ಟು ಎಂದು ನಿನಗೆ ಹೇಗೆ ಹೇಳಲಿ! ಒಬ್ಬರು ಪಕ್ಕಕ್ಕೆ ಸರಿಯದೆ ಇನ್ನೊಬ್ಬರು ಬಚ್ಚಲಿಗೆ ಹೋಗಲಾಗುವುದಿಲ್ಲ. ತಾತ ಒಂದು ಬದಿಗೆ ಹೊರಳಿದರೆ ನನ್ನ ಮಂಚ ಅಲುಗುತ್ತದೆ. ಇಷ್ಟು ಹತ್ತಿರ ಇದ್ದುಕೊಂಡು ಅವನ ಗುಟ್ಟನ್ನು ಅವಳಿಂದಲೂ ಅವಳ ಹೊಗಳಿಕೆಯನ್ನು ಅವನಿಂದಲೂ ಬಚ್ಚಿಡುವುದೆಂದರೆ ಉಸಿರು ಕೂಡ ಅಳೆದು ಬಿಡಬೇಕು. ಮಧ್ಯಾಹ್ನ ತಾತ ಎದ್ದು ನಿಂತಾಗಲೆಲ್ಲ ಅವನು ಈಗ ಒಪ್ಪಿಕೊಳ್ಳುತ್ತಾನೆ ಎಂದು ಕಾದೆ. ಅವನು ಉಪ್ಪು ತೆಗೆದುಕೊಂಡು ಕೂತ.

ಇಲ್ಲೇ ಉಳಿಯೋಣವೆಂದರೆ ಅದೂ ಇಲ್ಲ. ಕ್ಯಾಂಪು ನೋಡಿಕೊಳ್ಳುವ ರೊವೀನಾ ಬಂದು ನಾಳೆ ರಾತ್ರಿಯಿಂದ ಹಿಮ ಬೀಳುತ್ತದೆ, ಶುಕ್ರವಾರ ಗೇಟಿಗೆ ಬೀಗ ಎಂದು ಹೇಳಿ ಹೋದಳು. ಗಟ್ಟಿ ದನಿಯ ಹೆಂಗಸು, ಸೊಂಟಕ್ಕೆ ಬೀಗದ ಕೈಗಳ ಗೊಂಚಲು. “ಬೀಗ ಹಾಕಿದ್ಮೇಲೆ ಇಲ್ಲಿ ಉಳಿಯೋದು ಮೂಸ್ ಜಿಂಕೆಗಳು ಮತ್ತೆ ಮೂರ್ಖರು ಅಷ್ಟೆ, ವರ್ಲಿನ್,” ಎಂದು ತಾತನಿಗೆ ಹೇಳಿದಳು. ಟ್ರೇಲರನ್ನು ಎಳೆದುಕೊಂಡು ಹೋಗುವ ದೊಡ್ಡ ಲಾರಿಯವನನ್ನು ತಾತ ಅವಳ ರೇಡಿಯೋದಲ್ಲಿ ವಿಚಾರಿಸಿದ್ದನಂತೆ. ಬರುವುದು ಮುಂದಿನ ವಾರವಂತೆ, ರಸ್ತೆ ತೆರೆದಿದ್ದರೆ. ಟ್ರೇಲರನ್ನು ಬಿಟ್ಟು ಇಳಿಯೋಣವೆಂದರೆ ಇದೊಂದೇ ಅವರ ಮನೆ. ಕ್ಯಾನ್ಸಸ್ಸಿನದನ್ನು ಮಾರಿಯಾಗಿದೆ. ಇಲ್ಲಿ ಬಿಟ್ಟರೆ ಜೂನ್‌ವರೆಗೆ ಹಿಮದಡಿ. ಪೂರ್ವದ ಕಡೆಯಿಂದ ಇಳಿದರೂ ಅದೇ ಕಡಿದಾದ ಇಳಿಜಾರು.

ಅಜ್ಜಿಯೊಬ್ಬಳನ್ನು ಬೇರೆ ಗಾಡಿಯಲ್ಲಿ ಕಳಿಸೋಣವೆಂದು ಹಾಗೇ ತಮಾಷೆಗೆಂಬಂತೆ ಕೇಳಿ ನೋಡಿದೆ. “ಯಾಕೆ? ಅವನ ಪಕ್ಕ ಕೂರೋಕೆ ಇನ್ಯಾವಳಾದ್ರೂ ಸಿಕ್ಕಿದಾಳಾ?” ಎಂದು ನಕ್ಕವಳು ಆಮೇಲೆ ನಗಲಿಲ್ಲ. “ವರ್ಲಿನ್ ಬೆಟ್ಟ ಇಳೀತಾನೆ ಅಂದ್ರೆ ನಾನು ಅವನ ಪಕ್ಕದಲ್ಲೇ ಇರ್ತೀನಿ ಕಣೇ. ಏನಾದ್ರೂ ಆದ್ರೆ ನಾನು ಕೆಳಗೆ ನಿಂತು ನೋಡೋದಾ?” ಅವನು ಇಳಿಸುವುದಾದರೆ ಅವಳು ಪಕ್ಕದಲ್ಲಿರುತ್ತಾಳೆ. ಅವಳು ಪಕ್ಕದಲ್ಲಿದ್ದರೆ ಅವನು ಬ್ರೇಕು ಏರಿಸುವುದಿಲ್ಲ. ಏರಿಸದಿದ್ದರೆ ಸೋಮವಾರದ ಹೊಗೆ ಈ ಸಲ ಹೊಗೆಯಾಗಿ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆಯೇ ಹೊರಡುವುದೆಂದು ತಾತ ಹೇಳಿದ್ದಾನೆ. “ಈ ಸಲ ಇನ್ನೂ ನಿಧಾನ ಹೋದ್ರಾಯ್ತು,” ಎನ್ನುತ್ತಾನೆ. ನನಗೆ ಅವನನ್ನು ತಡೆಯುವ ಬಾಯಿಯಿಲ್ಲ, ಸುಮ್ಮನೆ ಹಿಂದಿನ ಸೀಟಿನಲ್ಲಿ ಹೋಗಿ ಕೂರುವ ಧೈರ್ಯವೂ ಇಲ್ಲ. ಏನು ಮಾಡುವುದೋ ತಿಳಿಯದು, ಅಮ್ಮಾ.

ಊಟ ಮಧ್ಯಾಹ್ನವೇ ಆಯಿತು. ಅಜ್ಜಿ ಈಗ ತಾತನ ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಅವನು ಅವಳ ಕುತ್ತಿಗೆಯ ಹಿಂದೆ ಒಂದು ದಿಂಬು ತಂದಿಟ್ಟು, ಏನೂ ಮಾಡಿಲ್ಲವೆಂಬಂತೆ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಾನೆ. ನಿನಗೆ ಇಬ್ಬರ ಆಶೀರ್ವಾದವನ್ನೂ ಬರೆ ಎಂದಿದ್ದಾರೆ. ಕ್ರಿಸ್ಮಸ್ಸಿಗೆ ಅರಿಜೋನಾಗೆ ಬಾ ಎಂದು ತಾತ, ಬರುವಾಗ ಬೀಟ್‌ರೂಟಿನ ಉಪ್ಪಿನಕಾಯಿ ತಾ ಎಂದು ಅಜ್ಜಿ. ಚೆನ್ನಾಗಿ ನಿದ್ದೆಮಾಡು. ಸಿರಪ್ಪು ಕುಡಿಯುವುದನ್ನು ಮರೆಯಬೇಡ.

ನಿನ್ನ
ಲೆಟಿ

ಮರೆತದ್ದು: ಬೇಟೆಯವರು ಆಗಲೇ ಹಾರ್ನು ಹೊಡೆಯುತ್ತಿದ್ದಾರೆ. ಮೇಲೆ ‘ತಿಳಿಯದು’ ಎಂದು ಬರೆದದ್ದನ್ನು ಹೊಡೆದುಹಾಕಿಕೋ. ಕಾಗದ ಮಡಿಸುವ ಮೊದಲು ನಾನು ರೊವೀನಾಳ ಗುಡಿಸಲಿಗೆ ಹೋಗಿಬಂದೆ. ಇಲ್ಲಿಯವರೆಗೆ ಅವಳಿಗೆ ಶುಭೋದಯ ಬಿಟ್ಟು ಬೇರೆ ಮಾತು ಆಡಿರಲಿಲ್ಲ. ನಾಳೆ ಬೆಳಿಗ್ಗೆ ಅವಳು ಕಾರಿನಲ್ಲಿ ಒಬ್ಬಳೇ ಕೆಳಗೆ ಹೋಗುತ್ತಾಳೆ, ಇನ್ನಿಬ್ಬರಿಗೆ ಜಾಗವಿದೆ. ಅಜ್ಜಿ ತಾತನನ್ನು ಬಿಟ್ಟು ಬರುವುದಿಲ್ಲ, ಆದ್ದರಿಂದ ಇಬ್ಬರೂ ಅದರಲ್ಲಿ. ಪಿಕಪ್ಪನ್ನೂ ಟ್ರೇಲರನ್ನೂ ನಾನು ಇಳಿಸುತ್ತೇನೆ, ಒಬ್ಬಳೇ. ಬ್ರೇಕು ಕೆಡುವ ಮೊದಲು ಬಯಲಿನಲ್ಲಿ ಜೂನ್ ತಿಂಗಳೆಲ್ಲ ತಾತ ಪಕ್ಕದಲ್ಲಿ ಕೂತು ನನ್ನಿಂದಲೇ ಓಡಿಸಿದ್ದಾನೆ. ಬೆಟ್ಟ ಹೊಸದು, ನಿಜ. ಅಜ್ಜಿ ತಾತ ಬೇಟೆಯವರನ್ನು ಬೀಳ್ಕೊಡಲು ಹೊರಗೆ ಹೋಗಿದ್ದಾಗ, ಡಬ್ಬಿಯ ಆ ಹಲ್ಲಿನ ಚಕ್ರವನ್ನು ಮೇಲಕ್ಕೆ ತಿರುಗಿಸಿ, ಸೋಮವಾರದಿಂದ ಸಿಕ್ಕಿಸಿಯೇ ಇರುವ ಟ್ರೇಲರನ್ನು ಕ್ಯಾಂಪಿನ ಒಳಗಿನ ದಾರಿಯಲ್ಲಿ ಒಂದು ಸುತ್ತು ಎಳೆದು ನೋಡಿದೆ. ಬ್ರೇಕು ಹಿಡಿಯುತ್ತದೆ, ಕಚ್ಚಿ ಜಗ್ಗುತ್ತದೆ, ನನ್ನ ಕುತ್ತಿಗೆಗೆ ಏನೂ ಆಗುವುದಿಲ್ಲ. ಚಿಕ್ಕ ಗೇರಿನಲ್ಲೇ ಹೋಗುತ್ತೇನೆ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇರುವುದಿಲ್ಲ, ಒತ್ತಿ ಬಿಡುತ್ತೇನೆ. ಜಾಗ ಸಿಕ್ಕಲ್ಲೆಲ್ಲ ನಿಲ್ಲಿಸಿ ಚಕ್ರ ಮುಟ್ಟಿ ನೋಡುತ್ತೇನೆ. ಹಿಂದಿನವರು ಬೈದರೆ ಬೈಯಲಿ. ಈ ಕಾಗದ ನಿನ್ನ ಕೈಗೆ ಬರುವ ಮೊದಲೇ ನನ್ನ ಫೋನು ಬಂದಿರುತ್ತದೆ. ಅಜ್ಜಿಗೆ ಮಾತ್ರ ಸುಳ್ಳು ನೆಪ ಹೇಳಿ ಕಾರು ಹತ್ತಿಸುವುದಿಲ್ಲ. ಕಾಫಿ ಕುಡಿಯುವಾಗ ಎಲ್ಲವನ್ನೂ ಹೇಳುತ್ತೇನೆ, ತಾತನ ಎದುರಿಗೇ.