ಅದಲುಬದಲಾದ ಎರಡು ಅಂಕಿ

ನವೆಂಬರ್ ೬, ಗುರುವಾರ

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಸತಾಯಿಸಿದ್ದಕ್ಕೆ ಕಿವಿ ಹಿಂಡು. ಆದರೆ ಎಡಗಿವಿ ಹಿಂಡು, ಫೋನ್ ಹಿಡಿದು ಹಿಡಿದು ಬಲಗಿವಿ ನೋಯುತ್ತಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅಮ್ಮನ ಬೀರು ಯಾವಾಗ ತೆರೆಯೋಣ ಅಂತ ನೀನು ಕೇಳಿದ್ದೆ. ನಾನು ಬಂದ ಮೇಲೆ ತೆರೆಯೋಣ. ಅಮ್ಮ ಹೋದಾಗಿನಿಂದ ಎಂಟು ತಿಂಗಳು ಹಾಗೇ ಇದೆ, ಇನ್ನೂ ಸ್ವಲ್ಪ ದಿನ ಇರಲಿ.

ಲ್ಯಾಬಿನಲ್ಲಿ ಕೂತು ಅದೇನು ಟಕಟಕ ಕುಟ್ಟುತ್ತೀಯ ಅಂತ ನೀನು ಯಾವಾಗಲೂ ಕೇಳುತ್ತೀಯಲ್ಲ, ಇವತ್ತು ಹೇಳಿಬಿಡುತ್ತೇನೆ. ರಕ್ತಪರೀಕ್ಷೆಯ ಅಂಕಿಗಳನ್ನು ನನ್ನ ಪ್ರೋಗ್ರಾಮ್ ಓದಿ, ಕಾಯಿಲೆ ಇರುವ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಒಂದು ಗೆರೆ ದಾಟಿದರೆ 'ಮತ್ತೊಮ್ಮೆ ಪರೀಕ್ಷಿಸಿ', ದಾಟದಿದ್ದರೆ 'ಪರವಾಗಿಲ್ಲ'. ಅದಕ್ಕೆ ಗಣಿತದ ಒಂದು ಫಂಕ್ಷನ್ ಬೇಕು. ನಾವು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ಸೈನು, ಲಾಗು, ವರ್ಗಮೂಲ ಎಲ್ಲ ಇವೆ, ಇದೊಂದು ಇಲ್ಲ. ಮನೆ ಕಟ್ಟಿಕೊಟ್ಟವರು ಒಂದು ಬಾಗಿಲಿಗೆ ಚಿಲಕ ಹಾಕುವುದನ್ನೇ ಮರೆತ ಹಾಗೆ. ಬೇಕಾದವರೆಲ್ಲ ಪುಸ್ತಕ ನೋಡಿ ತಮ್ಮದೇ ಒಂದು ಬರೆದುಕೊಳ್ಳುತ್ತಾರೆ. ಆರು ವರ್ಷದ ಹಿಂದೆ ನಾನೂ ಬರೆದುಕೊಂಡಿದ್ದೆ.

ಎಲ್ಲರೂ ಯಾಕೆ ಇದೇ ಕೂಲಿ ಮಾಡಬೇಕು ಅನ್ನಿಸಿ, ಆ ಫಂಕ್ಷನ್ನನ್ನು ಭಾಷೆಗೇ ಸೇರಿಸಿ ಅಂತ ಈ ವರ್ಷ ನಾನೇ ಹೊಸದಾಗಿ ಬರೆದು ಕಳಿಸಿದೆ. ಭಾಷೆಯನ್ನು ನೋಡಿಕೊಳ್ಳುವವರಲ್ಲಿ ಒಬ್ಬ ಮಹಾಶಯ ಇದ್ದಾನೆ. ಮುಖ ನೋಡಿಲ್ಲ, ಗೊಣಗಪ್ಪ ಅಂತ ಹೆಸರಿಟ್ಟಿದ್ದೇನೆ. "ಹತ್ತು ಸಾಲಲ್ಲಿ ಯಾರು ಬೇಕಾದ್ರೂ ಬರ್ಕೋಬಹುದು, ಇದ್ಯಾಕೆ ಬೇಕು?" ಅಂತ ಎರಡು ತಿಂಗಳು ಜಗ್ಗಾಡಿದ. ನಾನೂ ಪಟ್ಟು ಬಿಡಲಿಲ್ಲ. ಕೊನೆಗೆ, "ಸರಿ, ನೀವು ಇಷ್ಟು ವರ್ಷ ಬಳಸಿದ್ದರ ಜೊತೆ ಹೋಲಿಸಿ ತೋರಿಸಿ, ನೋಡೋಣ" ಅಂದ.

ಹೋಲಿಸಿದೆ. ತಾಳೆಯಾಗಲಿಲ್ಲ. ಹೊಸದರಲ್ಲೇ ತಪ್ಪಿರಬೇಕು ಅಂತ ಎರಡು ದಿನ ಅದನ್ನೇ ಜಾಲಾಡಿದೆ. ತಪ್ಪು ಹಳೆಯದರಲ್ಲಿತ್ತು. ಆ ಫಂಕ್ಷನ್ನನ್ನು ಮೂರು ತುಂಡಾಗಿ ಬರೆಯುತ್ತಾರೆ, ಚಿಕ್ಕ ಸಂಖ್ಯೆಗಳಿಗೆ ಒಂದು, ದೊಡ್ಡವಕ್ಕೆ ಒಂದು, ನಡುವಿನವಕ್ಕೆ ಒಂದು. ನಡುವಿನ ತುಂಡಿನಲ್ಲಿ, ಪುಸ್ತಕದಲ್ಲಿ ೭೮ ಇದ್ದ ಕಡೆ ನಾನು ೮೭ ಕುಟ್ಟಿದ್ದೆ. ಬರೆದಾಗ ಪರೀಕ್ಷಿಸಿ ನೋಡಿದ್ದು ಎರಡು ತುದಿಗಳನ್ನು ಮಾತ್ರ. ವ್ಯತ್ಯಾಸ ಇರುವುದು ಮೂರನೇ ದಶಮಾಂಶದಲ್ಲಿ. ಗೆರೆಯ ಅಂಚಿನಲ್ಲಿ ನಿಂತವರಿಗೆ ಅಷ್ಟೇ ಸಾಕು.

ನಮ್ಮ ಲ್ಯಾಬಿನ ಮೇಡಂಗೆ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಎಷ್ಟು ಜನ?" ಅಂತ ಮಾತ್ರ ಕೇಳಿದರು. ಆರು ವರ್ಷದ ರಿಪೋರ್ಟುಗಳನ್ನೆಲ್ಲ ಹೊಸ ಫಂಕ್ಷನ್ನಿನಲ್ಲಿ ಮತ್ತೆ ಓಡಿಸಿದೆ. ಹನ್ನೊಂದು ಜನ. ಮತ್ತೊಮ್ಮೆ ಪರೀಕ್ಷಿಸಬೇಕಾಗಿದ್ದವರಿಗೆ ಪರವಾಗಿಲ್ಲ ಅಂತ ಕಳಿಸಿದ್ದೆವು. "ಒಬ್ಬರನ್ನೂ ಬಿಡಬೇಡ, ನೀನೇ ಫೋನ್ ಮಾಡಿ ಹೇಳು" ಅಂದರು.

ಮಾಡಿದೆ. ಒಬ್ಬ ದರ್ಜಿ, "ನಾನು ಗುಂಡುಕಲ್ಲಿನ ಹಾಗಿದ್ದೀನಿ ಕಣಮ್ಮ, ಆದ್ರೂ ಬರ್ತೀನಿ" ಅಂತ ನಕ್ಕ. ಇನ್ನೊಂದು ಕಡೆ ಒಬ್ಬ ಬಸ್ ಡ್ರೈವರ್‌ನ ಹೆಂಡತಿ ಫೋನ್ ತೆಗೆದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಈಗ ಹೇಳ್ತಿದೀರಾ?" ಅಂದು ಇಟ್ಟುಬಿಟ್ಟರು. ನನಗೆ ಅಳು ಬರಲಿಲ್ಲ ಅಕ್ಕ. ಮುಂದಿನ ನಂಬರು ಒತ್ತಿದೆ. ಒಳಗೆಲ್ಲ ಜೋಮು ಹಿಡಿದ ಹಾಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ರುಚಿ ಗೊತ್ತಾಗುವುದಿಲ್ಲ. ಹತ್ತು ಜನಕ್ಕೆ ಹೇಳಿ ಆಯಿತು. ಒಂದು ಬಾಕಿ ಇದೆ.

ನಿನ್ನೆ ಗೊಣಗಪ್ಪ ಫಂಕ್ಷನ್ ಸೇರಿಸಿದ. "ಒಳ್ಳೇ ಕೆಲಸ" ಅಂತ ಎರಡೇ ಪದ ಬರೆದಿದ್ದ, ಅವನ ಮಟ್ಟಿಗೆ ಅದು ಹಾರ ಹಾಕಿ ಸನ್ಮಾನ ಮಾಡಿದಂತೆ. ಇನ್ನು ಯಾರೂ ಪುಸ್ತಕ ನೋಡಿ ಅಂಕಿ ಕುಟ್ಟಬೇಕಾಗಿಲ್ಲ. ಓದಿದೆ, ಕಂಪ್ಯೂಟರ್ ಆರಿಸಿದೆ, ಮನೆಗೆ ಬಂದೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಗಳಿಗೆ ಚಿಕ್ಕಮ್ಮನ ಮುದ್ದು. ಲೆಕ್ಕದಲ್ಲಿ ಮಾರ್ಕು ಕಡಿಮೆ ಬಂತು ಅಂತ ಅವಳನ್ನು ಗದರಬೇಡ. ಎಲ್ಲರೂ ಆರೋಗ್ಯವಾಗಿರಿ. ದೊಡ್ಡವಳು ನೀನು, ಮನಸ್ಸು ಬಂದರೆ ನನಗೂ ಒಂದು ಆಶೀರ್ವಾದ ಮಾಡು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಹನ್ನೊಂದನೆಯ ನಂಬರು ನಿಮ್ಮ ಮನೆಯದು. ರಿಪೋರ್ಟು ಅಮ್ಮನದು, ಹೋದ ವರ್ಷ ಜೂನ್ ತಿಂಗಳಿನದು. ಮೂರು ಸಲ ಫೋನ್ ಕೈಗೆತ್ತಿಕೊಂಡೆ, ಒತ್ತಲು ಆಗಲಿಲ್ಲ, ಅದಕ್ಕೇ ಈ ಕಾಗದ. "ಬೇರೆ ಡಾಕ್ಟರಿಗೆ ತೋರಿಸೋಣ ಅಂದರೆ ಅಮ್ಮ ಕೂತಲ್ಲಿಂದ ಏಳಲಿಲ್ಲ, ನಾನಾದರೂ ದರದರ ಎಳೆದುಕೊಂಡು ಹೋಗಬೇಕಿತ್ತು" ಅಂತ ಪ್ರತಿ ಕಾಗದದಲ್ಲೂ ನಿನ್ನನ್ನು ನೀನೇ ಬೈದುಕೊಳ್ಳುತ್ತೀಯ. ಇನ್ನು ಬೈದುಕೊಳ್ಳಬೇಡ. ನೀನು ಅಮ್ಮನನ್ನು ಕರೆದ ದಿನ ಬೆಳಿಗ್ಗೆಯೇ ನಾನು ಅವಳಿಗೆ ಫೋನ್ ಮಾಡಿ, "ಏನೂ ಇಲ್ಲಮ್ಮ, ನಾನೇ ಲೆಕ್ಕ ನೋಡಿದೀನಿ" ಅಂದಿದ್ದೆ.